ಮೊಲದ ಲೆಕ್ಕ ಬಲ್ಲವರು

ಹುಲಿಯನ್ನು ಎಣಿಸುವವರುಂಟು, ಮೊಲವನ್ನು ಎಣಿಸುವವರಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಹುಲಿಗಣತಿಯಲ್ಲಿ, 2022ರ ಅಂದಾಜಿನಂತೆ, ಕರ್ನಾಟಕದ ಪಾಲು 563 ಎಂಬುದು ಪತ್ರಿಕೆ ಓದುವ ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಮರದ ಬೊಡ್ಡೆಗೆ ಕಟ್ಟಿದ ಕ್ಯಾಮೆರಾ ಹುಲಿಯ ಮೈಮೇಲಣ ಪಟ್ಟೆಗಳನ್ನು ಸೆರೆಹಿಡಿದು, ಇದು ಇಂಥದೇ ಹುಲಿಯೆಂದು ಗುರುತಿಸಲು ನೆರವಾಗುತ್ತದೆ. ಇದು ಶ್ಲಾಘ್ಯವಾದ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಊರಿನ ಹಾಡಿಯಲ್ಲಿ ಐವತ್ತು ವರ್ಷಗಳ ಹಿಂದೆ ಮೊಲ ಎಷ್ಟಿತ್ತು, ಇಂದು ಎಷ್ಟಿದೆ, ಮುಳ್ಳುಹಂದಿ ಹೆಚ್ಚಿತೋ ಕುಗ್ಗಿತೋ, ಚಿಪ್ಪುಹಂದಿಯನ್ನು ಕಣ್ಣಾರೆ ಕಂಡು ಎಷ್ಟು ಕಾಲವಾಯಿತು ಎಂದು ವಿಚಾರಿಸಿದರೆ, ಖಚಿತವಾಗಿ ಉತ್ತರ ಕೊಡುವ ಕಡತ ಸಿಗುವುದು ದುರ್ಲಭ.

ಕಡತವಿಲ್ಲವೆಂದ ಮಾತ್ರಕ್ಕೆ ಅರಿವೂ ಇಲ್ಲವೆಂದು ತಿಳಿಯಬಾರದು. ಆ ಲೆಕ್ಕವನ್ನು ಬಲ್ಲವರು ಇನ್ನೂ ಕೆಲವರು ಉಳಿದಿದ್ದಾರೆ. ಒಂದು ಕಾಲದಲ್ಲಿ ಕೋವಿ ಹಿಡಿದು, ಬಲೆ ಕಟ್ಟಿ, ನಾಯಿಗಳ ಹಿಂದೆ ಓಡಿ ಗುಡ್ಡ-ಬಯಲುಗಳನ್ನು ಸುತ್ತಿದ ಹಳ್ಳಿಯ ಬೇಟೆಗಾರರೇ ಅವರು. ಇಂದು ಅವರು ವೃದ್ಧರಾಗಿ ಮನೆಯ ಜಗಲಿಯ ಮೇಲೆ ಕುಳಿತಿದ್ದಾರೆ. ಅವರ ಮಕ್ಕಳು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿದ್ದಾರೆ. ತಂದೆಯ ಆಸ್ತಿಯಲ್ಲಿ ಗದ್ದೆ ಎಷ್ಟು, ತೋಟ ಎಷ್ಟು ಎಂಬುದನ್ನು ನಾವೆಲ್ಲರೂ ಬಲ್ಲೆವು. ತಂದೆಯ ನೆನಪಿನಲ್ಲಿ ಏನಿದೆ ಎಂಬುದನ್ನು ವಿಚಾರಿಸಿದವರು ನಮ್ಮಲ್ಲಿ ವಿರಳ. ಆ ನೆನಪು ಬರೆದಿಡಲು ಯೋಗ್ಯವಾದ ದಾಖಲೆಯೆಂಬುದೂ, ಬರೆದಿಡಲು ಇನ್ನು ಹೆಚ್ಚು ಕಾಲಾವಕಾಶವಿಲ್ಲವೆಂಬುದೂ ನಮ್ಮ ಅಭಿಪ್ರಾಯ.

ರಜೆಯಲ್ಲಿ ಊರಿಗೆ ಹೋಗಿ ಬಂದವರ ಬಾಯಲ್ಲಿ ಕೇಳಿಬರುವ ಮಾತುಗಳನ್ನು ವಾಚಕರು ಒಮ್ಮೆ ಸ್ಮರಿಸಿಕೊಳ್ಳಬಹುದು. ಗದ್ದೆಯ ಬದುವಿನ ಮೇಲೆ ಬೆಳಗಿನ ಜಾವ ಕಾಣುತ್ತಿದ್ದ ಮೊಲ ಈಗ ಅಪರೂಪವೆಂದು ಒಬ್ಬರ ದೂರು. ಮುಳ್ಳುಹಂದಿಯ ಕಾಟದಿಂದ ತೆಂಗು-ಅಡಿಕೆಯ ಸಸಿ ಉಳಿಯುವುದಿಲ್ಲವೆಂದು ಮತ್ತೊಬ್ಬರ ಗೋಳು. ಮೊಲದ ಗಾತ್ರದ ಜಿಂಕೆಯಾದ ಬರ್ಕ ಎಲ್ಲಿ ಹೋಯಿತೆಂದು ಮಲೆನಾಡಿನವರು ಕೇಳುತ್ತಾರೆ. ಕೆಂದಳಿಲಿನ ಕೂಗಾಗಲಿ ಹಾರುಬೆಕ್ಕಿನ ತೇಲಾಟವಾಗಲಿ ಈಗ ಒಳಕಾಡಿಗೆ ಹೋದವರ ಭಾಗ್ಯ ಮಾತ್ರವೆಂದು ಇನ್ನು ಕೆಲವರು ನಿಟ್ಟುಸಿರಿಡುತ್ತಾರೆ. ಇವೆಲ್ಲವೂ ಊರಿಂದೂರಿಗೆ ಬೇರೆಯಾಗುವ ಮಾತುಗಳು. ಒಂದು ಊರಿನ ಅನುಭವ ನೆರೆಯೂರಿಗೆ ಸಲ್ಲದಿರಬಹುದು. ಆದಕಾರಣವೇ ಅವುಗಳನ್ನು ಹರಟೆಯೆಂದು ಬಿಟ್ಟುಬಿಡದೆ ಊರೂರಿನ ಮಾತಾಗಿ, ಇಸವಿಯೊಡನೆ ಬರೆದಿಡಬೇಕಾಗಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ನಮ್ಮ ಕರ್ತವ್ಯ. ನಾವು ಬೇಟೆಯ ಪರವಾಗಿ ವಕಾಲತ್ತು ವಹಿಸುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲಿಗೆ ಸಣ್ಣ ಬೇಟೆಗೆ ಪರವಾನಿಗೆ ಪಡೆಯುವ ಅವಕಾಶವನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿಯಿಂದ ಆ ಪರವಾನಿಗೆಯ ಪದ್ಧತಿಯೂ ಕೊನೆಗೊಂಡಿತು. ಅದು ಆಗಬೇಕಾಗಿದ್ದ ಕೆಲಸವೇ. ತಲೆಗೆ ಕಟ್ಟುವ ಬೆಳಕು, ಜೀಪು, ಅಗ್ಗದ ತೋಟಾ, ಇವೆಲ್ಲ ಕೈಸೇರಿದ ಮೇಲೆ ಬೇಟೆಯು ಪೂರ್ವದ ಬೇಟೆಯಾಗಿ ಉಳಿದಿರಲಿಲ್ಲ. ಹಬ್ಬಕ್ಕೊಂದು ಮೊಲ ಹೊಡೆಯುತ್ತಿದ್ದ ಊರಿಗೂ, ಪೇಟೆಗೆ ಮಾಂಸ ಸಾಗಿಸುವ ದಂಧೆಗೂ ಅಂತರವಿದೆ. ಆದರೆ ಆ ಅಂತರವನ್ನು ಕಾಯಿದೆಯು ಕಾಡಿನ ಕತ್ತಲಲ್ಲಿ ನಿಂತು ಅಳೆಯಲಾರದು. ಆದುದರಿಂದ ಕೋವಿ ಕೆಳಗಿಳಿದುದು ಒಳ್ಳೆಯದಾಯಿತು. ದುರ್ದೈವದ ಸಂಗತಿಯೆಂದರೆ, ಕೋವಿಯೊಡನೆ ಬಾಯಿಯೂ ಮುಚ್ಚಿಹೋಯಿತು. ಕಾಡುಪ್ರಾಣಿಯ ಮಾತೆತ್ತಿದರೆ ಅರಣ್ಯ ಇಲಾಖೆಯವರು ಬಂದಾರೆಂಬ ಭಯದಿಂದ ಮುದುಕರು ತಮ್ಮ ಅನುಭವವನ್ನು ಮೊಮ್ಮಕ್ಕಳಿಗೂ ಹೇಳದಾದರು. ಕೊಲ್ಲುವುದನ್ನು ನಿಲ್ಲಿಸಬೇಕಾಗಿದ್ದ ಕಡೆ, ಬಲ್ಲುದನ್ನು ಹೇಳುವುದೂ ನಿಂತಿತು.

ಬೇಟೆಗಾರನ ಮಾತಿನಿಂದ ವಿಜ್ಞಾನಕ್ಕೆ ಏನು ಲಾಭವೆಂದು ಕೆಲವರು ಪ್ರಶ್ನಿಸಬಹುದು. ಅದಕ್ಕೆ ಕೆನಡಾ ದೇಶದ ಒಂದು ಸಂಗತಿಯೇ ಸಾಕಷ್ಟು ಉತ್ತರ ಕೊಡುತ್ತದೆ.

1670ರಲ್ಲಿ ಸ್ಥಾಪನೆಗೊಂಡ ಹಡ್ಸನ್ ಬೇ ಕಂಪೆನಿಯು ಕೆನಡಾದ ಶೀತಾರಣ್ಯಗಳಲ್ಲಿ ತುಪ್ಪುಳದ ಚರ್ಮಗಳನ್ನು ಕೊಳ್ಳುವ ವ್ಯಾಪಾರದಲ್ಲಿ ತೊಡಗಿತ್ತು. ಅಲ್ಲಿಯ ಮೂಲನಿವಾಸಿಗಳೂ ಬೋನು ಹಾಕುವ ಬೇಟೆಗಾರರೂ ತಂದೊಪ್ಪಿಸಿದ ಚರ್ಮಗಳ ಲೆಕ್ಕವನ್ನು ಕಂಪೆನಿಯ ಗುಮಾಸ್ತರು ವರ್ಷವರ್ಷವೂ ಪುಸ್ತಕಗಳಲ್ಲಿ ಬರೆದಿಟ್ಟರು. ಜಮಾ-ಖರ್ಚು ತಾಳೆಯಾದರೆ ಅವರ ಕೆಲಸ ಮುಗಿಯಿತು. ಪ್ರಾಣಿಶಾಸ್ತ್ರದ ಗೊಡವೆ ಅವರಿಗಿರಲಿಲ್ಲ. ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್ ಎಂಬ ವಿಜ್ಞಾನಿ 1925ರಲ್ಲಿ ಆ ಕಂಪೆನಿಯ ಸಲಹೆಗಾರನಾದಾಗ ಈ ಹಳೆಯ ಲೆಕ್ಕದ ಪುಸ್ತಕಗಳ ಬೆಲೆ ಬೆಳಕಿಗೆ ಬಂದಿತು. ಲಿಂಕ್ಸ್ ಎಂಬ ಕಾಡುಬೆಕ್ಕಿನ ಚರ್ಮಗಳು ಸುಮಾರು ಹತ್ತು ವರ್ಷಗಳಿಗೊಮ್ಮೆ ರಾಶಿರಾಶಿಯಾಗಿ ಬರುವುದೂ, ನಡುವೆ ಬೆರಳೆಣಿಕೆಗೆ ಇಳಿಯುವುದೂ ಪುನಃಪುನಃ ಕಂಡಿತು. ಅದರ ಆಹಾರವಾದ ಹಿಮಮೊಲದ ಏರಿಳಿತವೂ ಅದೇ ಗತಿಯಲ್ಲಿತ್ತು. ಮೊಲ ಹೆಚ್ಚಿದಾಗ ಲಿಂಕ್ಸ್ ಹೆಚ್ಚುವುದು, ಮೊಲ ಕುಸಿದೊಡನೆ ಅದೂ ಕುಸಿಯುವುದು. ಎಲ್ಟನ್ ಮತ್ತು ಮೇರಿ ನಿಕೊಲ್ಸನ್ ಇದನ್ನು 1942ರಲ್ಲಿ ಸವಿವರವಾಗಿ ಪ್ರಕಟಿಸಿದರು. ಜೀವಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಆ ಏರಿಳಿತದ ಚಿತ್ರವನ್ನು ಇಂದಿಗೂ ಕಾಣಬಹುದು. ಹೋಟೆಲಿನ ಗಲ್ಲೆಯ ಮೇಲೆ ಕುಳಿತು ದಿನದ ಲೆಕ್ಕ ಬರೆಯುವ ನಮ್ಮ ವಾಚಕರು ಗಮನಿಸಬೇಕಾದುದು ಇಷ್ಟೇ: ಪ್ರಾಮಾಣಿಕವಾಗಿ, ಬಿಡದೆ ಬರೆದ ಲೆಕ್ಕವು ಬರೆದವನಿಗೆ ಅರಿಯದ ಸತ್ಯವನ್ನೂ ಹೊತ್ತಿರುತ್ತದೆ.

ಎಲ್ಟನ್ ಅಷ್ಟಕ್ಕೇ ನಿಲ್ಲಲಿಲ್ಲ. 1931ರಿಂದ ಕೆನಡಾದ ಉದ್ದಗಲಕ್ಕೂ ಬೇಟೆಗಾರರಿಗೂ ವ್ಯಾಪಾರದ ಠಾಣ್ಯಗಳ ಮೇಲ್ವಿಚಾರಕರಿಗೂ ಪ್ರಶ್ನಾವಳಿಗಳನ್ನು ಕಳುಹಿಸುವ ಕ್ರಮವೊಂದು ಆರಂಭವಾಗಿ, ಹಲವು ವರ್ಷ ನಡೆಯಿತು. ಆ ಪ್ರಶ್ನೆಯ ಜಾಣ್ಮೆಯನ್ನು ನೋಡಬೇಕು. "ನಿಮ್ಮ ಸೀಮೆಯಲ್ಲಿ ಮೊಲ ಎಷ್ಟಿವೆ?" ಎಂದು ಕೇಳಿದರೆ ಯಾವ ಬೇಟೆಗಾರನೂ ಉತ್ತರಿಸಲಾರ; ಉತ್ತರಿಸಿದರೆ ಅದು ಊಹೆ. ಅವರು ಕೇಳಿದುದು ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚೋ, ಕಡಿಮೆಯೋ, ಅಷ್ಟೆಯೋ ಎಂಬುದನ್ನು. ಇದಕ್ಕೆ ಪ್ರತಿಯೊಬ್ಬ ಬೇಟೆಗಾರನೂ ನಿಸ್ಸಂಕೋಚವಾಗಿ ಉತ್ತರ ಕೊಡಬಲ್ಲ. ಒಬ್ಬನ ಉತ್ತರ ತಪ್ಪಾದೀತು. ಸೀಮೆಯ ಹತ್ತಾರು ಮಂದಿ ಒಂದೇ ಮಾತು ಹೇಳಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಮೊಲ ಏಕೆ ಕುಸಿಯುತ್ತದೆಂಬುದನ್ನು ಬಿಡಿಸಲು ಮುಂದೆ 1986ರಿಂದ 1996ರ ವರೆಗೆ ಯೂಕಾನ್ ಪ್ರದೇಶದ ಕ್ಲುವೇನ್ ಎಂಬಲ್ಲಿ ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ಕಾಡಿಗೇ ಬೇಲಿ ಹಾಕಿ ಪರೀಕ್ಷೆ ನಡೆಸಬೇಕಾಯಿತು. ಆಹಾರ ಮತ್ತು ಬೇಟೆಮೃಗ ಇವೆರಡೂ ಕೂಡಿಯೇ ಆ ಏರಿಳಿತಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಹೀಗೆ ಕಾರಣವನ್ನು ಹುಡುಕುವುದು ವಿಜ್ಞಾನಿಯ ಕೆಲಸ. ಆದರೆ ಹುಡುಕಬೇಕಾದುದೊಂದಿದೆ ಎಂದು ಮೊದಲು ತೋರಿಸಿಕೊಟ್ಟುದು ಬೇಟೆಗಾರನ ಲೆಕ್ಕ.

ಫಿನ್‌ಲೆಂಡ್ ದೇಶದಲ್ಲಿ ಈ ಸಹಕಾರವು ವ್ಯವಸ್ಥಿತ ರೂಪವನ್ನೇ ಪಡೆದಿದೆ. 1980ರ ದಶಕದ ಕೊನೆಯಿಂದ ಅಲ್ಲಿಯ ಬೇಟೆಗಾರರು ಸ್ವಯಂಸೇವಕರಾಗಿ, ಕಾಡಿನಲ್ಲಿ ಬದಿಗೆ ನಾಲ್ಕು ಕಿಲೋಮೀಟರಿನಂತೆ ಗುರುತಿಸಿದ ತ್ರಿಕೋನದ ಹಾದಿಯಲ್ಲಿ ನಡೆದು, ಚಳಿಗಾಲದ ಹಿಮದ ಮೇಲೆ ಮೂಡಿದ ಮೊಲ, ಅಳಿಲು, ನರಿ ಮೊದಲಾದವುಗಳ ಹೆಜ್ಜೆಗಳನ್ನು ಎಣಿಸಿ ಸಂಶೋಧನಾ ಸಂಸ್ಥೆಗೆ ಒಪ್ಪಿಸುತ್ತಾರೆ. ವರ್ಷ ಬದಲಾದರೂ ಹಾದಿ ಬದಲಾಗುವುದಿಲ್ಲ. ಬದಲಾವಣೆ ಗೊತ್ತಾಗುವುದು ಅದರಿಂದಲೇ.

ಪರದೇಶದ ನಿದರ್ಶನಗಳು ಸಾಕು. ನಮ್ಮ ನೆಲದಲ್ಲಿಯೂ ಇಂಥವಿಲ್ಲದೆ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಆಸುಪಾಸಿನ ಜನರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿರುವುದನ್ನು ಕಂಡರು. ಅದೇ ಕಾಲದಲ್ಲಿ ಕಾಡಿಗೆ ಹೋಗಿಬರುವ ಜನರೂ ಜ್ವರದಿಂದ ನರಳಿ ಸಾಯತೊಡಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಶೋಧಿಸಿದಾಗ ಅದು ಜಗತ್ತಿಗೆ ಅದುವರೆಗೆ ಗೊತ್ತಿಲ್ಲದ ವೈರಸ್ಸೆಂದು ತಿಳಿದುಬಂದಿತು. ಆ ಕಾಡಿನ ಹೆಸರೇ ರೋಗದ ಹೆಸರಾಗಿ ವೈದ್ಯಶಾಸ್ತ್ರದಲ್ಲಿ ನಿಂತಿದೆ. ನಮ್ಮ ಜನ ಅದನ್ನು ಮಂಗನ ಕಾಯಿಲೆಯೆಂದು ಕರೆಯುತ್ತಾರೆ. ರೋಗವನ್ನು ಹರಡುವುದು ಉಣ್ಣಿ. ಆ ಉಣ್ಣಿಯನ್ನೂ ವೈರಸ್ಸನ್ನೂ ಕಾಡಿನಲ್ಲಿ ಜೀವಂತವಾಗಿರಿಸುವ ಚಕ್ರದಲ್ಲಿ ಇಲಿ, ಸುಂಡಿಲಿ, ಅಳಿಲುಗಳಂಥ ಸಣ್ಣ ಪ್ರಾಣಿಗಳಿಗೂ ಪಾತ್ರವುಂಟು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡವನು ಕೊಡುವ ಸುದ್ದಿಯೇ ಆರೋಗ್ಯ ಇಲಾಖೆಗೆ ಮೊದಲನೆಯ ಎಚ್ಚರಿಕೆ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಮತ್ತೆ ಹೆಡೆಯೆತ್ತಿ ಜೀವಗಳನ್ನು ಬಲಿತೆಗೆದುಕೊಂಡುದನ್ನು ಆ ಕಡೆಯ ವಾಚಕರು ಮರೆತಿರಲಾರರು. ಕಾಡುಪ್ರಾಣಿಯ ಏರುಪೇರನ್ನು ಗಮನಿಸುವುದು ಹವ್ಯಾಸಿಗಳ ಕಾಲಕ್ಷೇಪ ಮಾತ್ರವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯವನ್ನೂ ನೆನೆಯೋಣ. ಪೂರ್ವದಲ್ಲಿ ಅವರು ಬೇಸಗೆಯ ಮೊದಲಿಗೆ ನೆಲದ ಒಣ ಎಲೆಗೆ ಸಣ್ಣಗೆ ಬೆಂಕಿ ಹಚ್ಚುತ್ತಿದ್ದರು. ಅದಕ್ಕೆ ತರಗು ಬೆಂಕಿಯೆಂದು ಹೆಸರು. ಅರಣ್ಯ ಇಲಾಖೆ ಅದನ್ನು ನಿಲ್ಲಿಸಿತು. ತರಗು ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಕಾಡನ್ನೆಲ್ಲ ಮುತ್ತಿತೆಂದೂ, ಪ್ರಾಣಿಗಳಿಗೆ ಮೇವೂ ಹಾದಿಯೂ ಇಲ್ಲವಾಯಿತೆಂದೂ ಸೋಲಿಗರು ಹೇಳುತ್ತ ಬಂದರು. ಬಹುಕಾಲ ಆ ಮಾತಿಗೆ ಕಿವಿಗೊಟ್ಟವರು ಕಡಿಮೆ. ಈಗ ಸಂಶೋಧಕರು ಆ ಮಾತನ್ನು ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿದ್ದಾರೆ. 2011ರಲ್ಲಿ ಅಲ್ಲಿಯ ಸೋಲಿಗರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೆ ಮನ್ನಣೆಯೂ ದೊರೆತಿದೆ. ಕಾಡಿನೊಡನೆ ಬದುಕಿದವನ ಕಣ್ಣಿಗೆ ಮೊದಲು ಬಿದ್ದುದು ಶಾಸ್ತ್ರದ ಕಣ್ಣಿಗೆ ಬೀಳಲು ತಲೆಮಾರು ಕಳೆಯಬೇಕೆ ಎಂಬುದು ನಮ್ಮ ಪ್ರಶ್ನೆ.

ಇದೆಲ್ಲವನ್ನೂ ಒಪ್ಪಿದರೂ ಉಳಿಯುವ ಆಕ್ಷೇಪಗಳಿವೆ. ಬೇಟೆಗಾರನ ಮಾತು ಉತ್ಪ್ರೇಕ್ಷೆಗೆ ಪ್ರಸಿದ್ಧವಾದುದು ಎಂಬುದು ಮೊದಲನೆಯದು. ತಪ್ಪಿಸಿಕೊಂಡ ಹಂದಿ ವರ್ಷವರ್ಷವೂ ದಪ್ಪನಾಗುತ್ತದೆಂಬುದು ಊರಿನವರೇ ನಗುತ್ತ ಆಡುವ ಮಾತು. ಮುದುಕರಿಗೆ ತಮ್ಮ ಯೌವನದ ಕಾಲದಲ್ಲಿ ಎಲ್ಲವೂ ಹೆಚ್ಚಾಗಿತ್ತೆಂದು ತೋರುವುದೂ ಸಹಜವೇ. ಈ ಆಕ್ಷೇಪದಲ್ಲಿ ಹುರುಳಿದೆ.

ಮಲಬಾರ್ ಪುನುಗು ಬೆಕ್ಕಿನ ಕಥೆ ಇದಕ್ಕೆ ನಿದರ್ಶನ. ಪಶ್ಚಿಮ ಕರಾವಳಿಯಲ್ಲಿ ಹಿಂದೆ ಸಾಮಾನ್ಯವಾಗಿತ್ತೆಂದು ಪುಸ್ತಕಗಳಲ್ಲಿ ದಾಖಲಾದ ಈ ಪ್ರಾಣಿ 1960ರ ದಶಕದ ಕೊನೆಯ ವೇಳೆಗೆ ನಿರ್ನಾಮವಾಗುವ ಅಂಚಿನಲ್ಲಿದೆಯೆಂದು ಭಾವಿಸಲಾಗಿತ್ತು. 1980ರ ದಶಕದ ಕೊನೆಯಲ್ಲಿ ಕೇರಳದ ಎಳಯೂರಿನ ಸೀಮೆಯಿಂದ ಅದರ ಚರ್ಮಗಳು ದೊರೆತವು. ಪೊದೆ ಸವರದೆ ಬಿಟ್ಟ ಗೇರುತೋಪುಗಳು ಅದರ ಆಶ್ರಯವಾಗಿದ್ದುವೆಂದೂ, ಅವನ್ನು ಕಡಿದು ರಬ್ಬರು ನೆಡುತ್ತಿರುವುದು ಅದಕ್ಕೆ ಕಂಟಕವೆಂದೂ ಸಂಶೋಧಕರು ಬರೆದರು. ಬೇಟೆಗಾರರನ್ನು ವಿಚಾರಿಸಿದಾಗ ಕರ್ನಾಟಕದ ಕಾಡುಗಳಲ್ಲಿಯೂ ಅದು ಇದೆಯೆಂಬ ಸೂಚನೆ ದೊರೆಯಿತು. ಆದರೆ ಮುಂದೆ ಕಾಡಿನಲ್ಲಿ ಕ್ಯಾಮೆರಾ ಇಟ್ಟು ಹುಡುಕಿದವರಿಗೆ ಅದು ಸಿಗಲಿಲ್ಲ. ಅದು ಇಲ್ಲಿಯ ಮೂಲನಿವಾಸಿ ಪ್ರಾಣಿಯೇ ಹೌದೋ ಎಂದು ಶಂಕಿಸುವ ವಿಮರ್ಶೆಯೂ 2010ರಲ್ಲಿ ಪ್ರಕಟವಾಯಿತು. ಕಬ್ಬೆಕ್ಕು, ಪುನುಗು ಎಂಬ ಹೆಸರುಗಳು ಒಂದೊಂದು ಊರಿನಲ್ಲಿ ಒಂದೊಂದು ಪ್ರಾಣಿಗೆ ಸಲ್ಲುವಾಗ, ಹೇಳಿದವನು ಕಂಡುದೊಂದು ಕೇಳಿದವನು ಬರೆದುದೊಂದು ಆಗುವ ಸಂಭವವಿಲ್ಲದಿಲ್ಲ.

ಇದರಿಂದ ಬೇಟೆಗಾರನ ಮಾತನ್ನು ಕೇಳಲೇಬಾರದೆಂಬ ನಿರ್ಣಯಕ್ಕೆ ಬರುವುದು ಸರಿಯೆ? ನ್ಯಾಯಾಲಯದಲ್ಲಿ ಸಾಕ್ಷಿಗಳು ತಪ್ಪು ಹೇಳುವುದುಂಟು. ಹಾಗೆಂದು ಯಾವ ನ್ಯಾಯಾಧೀಶನೂ ಸಾಕ್ಷಿ ಕಟಕಟೆಯನ್ನು ಕಿತ್ತುಹಾಕಿಸಿಲ್ಲ. ಹಲವರನ್ನು ಬೇರೆಬೇರೆಯಾಗಿ ಕೇಳುತ್ತಾನೆ, ಒಬ್ಬರ ಮಾತನ್ನು ಇನ್ನೊಬ್ಬರದರೊಡನೆ ಒರೆಗೆ ಹಚ್ಚುತ್ತಾನೆ. ಕೆನಡಾದ ಚರ್ಮದ ಲೆಕ್ಕದಲ್ಲಿಯೂ ದೋಷಗಳಿದ್ದುವು. ಚರ್ಮದ ಬೆಲೆ ಏರಿದ ವರ್ಷ ಬೇಟೆಗಾರರು ಹೆಚ್ಚು ಬೋನು ಹಾಕಿದರೆ ಪ್ರಾಣಿ ಹೆಚ್ಚದಿದ್ದರೂ ಚರ್ಮ ಹೆಚ್ಚುತ್ತದೆ. ಅಂತಹ ದೋಷಗಳನ್ನು ಅರಿತು ಕಳೆಯುವುದೇ ವಿಚಾರವಂತರ ಕೆಲಸವಾಗಿದೆ.

ಕೊಂದವನ ಸಾಕ್ಷ್ಯಕ್ಕೆ ಗೌರವ ಕೊಡುವುದು ಅಧರ್ಮವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಮುಂಬಯಿಯ ವಾಚಕರಿಗೆ ಇದರ ಉತ್ತರ ಕೈಯಳತೆಯಲ್ಲೇ ಇದೆ. ಕೋಟೆ ಪ್ರದೇಶದಲ್ಲಿ ವಸ್ತುಸಂಗ್ರಹಾಲಯದ ಮಗ್ಗುಲಲ್ಲಿರುವ ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡದ ಮುಂದೆ ನಮ್ಮವರೆಷ್ಟೋ ಜನ ದಿನವೂ ಹಾದುಹೋಗುತ್ತಾರೆ. 1883ರಲ್ಲಿ ಎಂಟು ಮಂದಿ ಕೂಡಿ ಸ್ಥಾಪಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮನೆ ಅದು. 1908ರಲ್ಲಿ ಸಲೀಂ ಅಲಿ ಎಂಬ ಬಾಲಕನು ಆಟದ ಕೋವಿಯಿಂದ ಹೊಡೆದ ಗುಬ್ಬಿಯೊಂದರ ಕೊರಳು ಹಳದಿಯಾಗಿರುವುದನ್ನು ಕಂಡು, ಅದಾವ ಹಕ್ಕಿಯೆಂದು ಕೇಳಲು ಹೋದುದು ಈ ಸಂಸ್ಥೆಗೇ. ಆ ಬಾಲಕನೇ ಮುಂದೆ ಭಾರತದ ಪಕ್ಷಿಶಾಸ್ತ್ರಕ್ಕೆ ಆಚಾರ್ಯನಾದನು. ಇದೇ ಸಂಸ್ಥೆ 1911ರಿಂದ ಹನ್ನೆರಡು ವರ್ಷ ಕಾಲ ದೇಶದ ಸಸ್ತನಿಗಳ ಸಮೀಕ್ಷೆ ನಡೆಸಿತು. ಧಾರವಾಡ, ಕೆನರಾ, ಕೊಡಗು, ಮೈಸೂರು ಸೀಮೆಗಳಿಂದಲೂ ಇಲಿ, ಅಳಿಲು, ಮೊಲ ಮುಂತಾದವನ್ನು ಹಿಡಿದು, ಸ್ಥಳ-ದಿನಾಂಕಗಳನ್ನು ಬರೆದು ಸಂಗ್ರಹಿಸಲಾಯಿತು. ಊರಿನ ಕಾಡುಬಲ್ಲವರ ನೆರವಿಲ್ಲದೆ ಅಂತಹ ಕಾರ್ಯ ನಡೆಯುವಂತಿರಲಿಲ್ಲ. ಅವರ ಹೆಸರು ಮಾತ್ರ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬರು ಮಂದಣ್ಣನೆಂಬ ಹಳ್ಳಿಗನ ಕಣ್ಣನ್ನು ನಂಬಿ ಕಾಡಿಗೆ ಇಳಿಯುವುದನ್ನು ಓದಿದವರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು?

2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಕುರಿತ ಜನರ ಅರಿವು ಇವನ್ನೆಲ್ಲ ಜನತಾ ದಾಖಲೆಯಲ್ಲಿ ಬರೆದಿಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದಕ್ಕೆ 2020ರ ಜನವರಿಯ ಗಡುವು ವಿಧಿಸಿತ್ತು. ಆದರೆ ಗಡುವಿನ ಭಯದಿಂದ ತುಂಬಿಸಿದ ಪುಸ್ತಕಕ್ಕೂ, ಜಗಲಿಯ ಮೇಲೆ ಕುಳಿತು ಕೇಳಿ ಬರೆದ ಪುಸ್ತಕಕ್ಕೂ ಅಜಗಜಾಂತರ. ಪ್ರಾಣಿಗಳ ಹೆಸರಿನ ಪಟ್ಟಿಯಿಂದ ಅವು ಹೆಚ್ಚಿದುವೋ ಕುಗ್ಗಿದುವೋ ತಿಳಿಯುವುದಿಲ್ಲ. ಆ ಪುಸ್ತಕಗಳಲ್ಲಿ ಕಾಲದ ಕಾಲಂ ಒಂದು ಸೇರಬೇಕು. ಅದನ್ನು ತುಂಬಲು ಹಿಂದಿನ ಬೇಟೆಗಾರರನ್ನು ಮರ್ಯಾದೆಯಿಂದ ಕರೆಯಬೇಕು. ಸೌದೆ-ಸೊಪ್ಪಿಗೆ ಕಾಡಿಗೆ ಹೋಗುತ್ತಿದ್ದ ಹೆಂಗಸರನ್ನೂ ಮರೆಯಬಾರದು. ಬಿಲ, ಹಿಕ್ಕೆ, ಹೆಜ್ಜೆಗಳನ್ನು ಅವರು ಕಂಡಷ್ಟು ಯಾರೂ ಕಂಡಿರಲಾರರು. ಹಳೆಯ ಕಾಲದ ಬೇಟೆಯನ್ನು ನೆನೆದು ಹೇಳಿದ ಮಾತಿಗಾಗಿ ಯಾವ ವೃದ್ಧನ ಮೇಲೂ ಮೊಕದ್ದಮೆ ಹೂಡುವುದಿಲ್ಲವೆಂಬ ಭರವಸೆಯನ್ನು ಅರಣ್ಯ ಇಲಾಖೆಯು ಬಹಿರಂಗವಾಗಿ ಕೊಡುವುದು ಉಚಿತ. ಭಯವಿರುವಲ್ಲಿ ಸತ್ಯವು ನಾಲಗೆಯ ಮೇಲೆ ಬರುವುದಿಲ್ಲ.

ಸರಕಾರ ಮಾಡುವ ವರೆಗೆ ನಾವು ಕಾದು ಕುಳ್ಳಿರಬೇಕಾಗಿಲ್ಲ. ಚೌತಿಗೋ ದೀಪಾವಳಿಗೋ ಬೇಸಗೆಯ ರಜೆಗೋ ಊರಿಗೆ ಹೋಗುವ ವಾಚಕರು ಒಂದು ಅರ್ಧ ದಿನವನ್ನು ಇದಕ್ಕೆ ಮೀಸಲಿಡಬಹುದು. ಎರಡು ರೂಲು ಪುಸ್ತಕ, ಒಂದು ಪೆನ್ನು ಸಾಕು. ಕೇಳುವ ಕ್ರಮವೂ ಕಠಿಣವಲ್ಲ. ಮುದುಕರಿಗೆ ಇಸವಿ ನೆನಪಿರುವುದಿಲ್ಲ, ಘಟನೆಗಳು ನೆನಪಿರುತ್ತವೆ. ಲಿಂಗನಮಕ್ಕಿಯ ಅಣೆಕಟ್ಟು ಮುಗಿದ 1964, ತುರ್ತುಪರಿಸ್ಥಿತಿ ಬಂದ 1975, ಕೊಂಕಣ ರೈಲು ಪೂರ್ಣವಾಗಿ ಓಡಿದ 1998, ಇವು ಮೈಲುಗಲ್ಲುಗಳಾಗಲಿ. ಮನೆಯ ಮದುವೆ, ಊರಿಗೆ ರಸ್ತೆ ಬಂದುದು, ವಿದ್ಯುತ್ತು ಬಂದುದು ಇವೂ ಆಗಬಹುದು. "ಆ ಹೊತ್ತಿಗೆ ಮೊಲ ಈಗಿಗಿಂತ ಹೆಚ್ಚೋ ಕಡಿಮೆಯೋ?" ಎಂದು ಮಾತ್ರ ಕೇಳಬೇಕು, ಎಷ್ಟೆಂದು ಪೀಡಿಸಬಾರದು. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಕೊಡವ ಭಾಷೆಯಲ್ಲಿ ಅವರಾಡಿದ ಹೆಸರನ್ನೇ ಬರೆದು, ಪ್ರಾಣಿಯ ಬಣ್ಣ, ಬಾಲ, ಹೆಜ್ಜೆಗಳನ್ನು ಕೇಳಿ ಜೊತೆಗೆ ಬರೆಯಬೇಕು. ಆ ನಡುವೆ ನೆಲ ಹೇಗೆ ಬದಲಾಯಿತು, ಅಂದರೆ ಬೇಣ ಹೋಗಿ ಅಕೇಶಿಯಾ ಬಂದಿತೇ, ಹಾಡಿ ಹೋಗಿ ರಬ್ಬರು ಬಂದಿತೇ, ಗದ್ದೆ ಹಡಿಲು ಬಿದ್ದಿತೇ, ಬೀದಿನಾಯಿ ಹೆಚ್ಚಿದುವೇ ಎಂಬುದನ್ನೂ ಗುರುತಿಸಬೇಕು. ಕೇಳಿದವರ ಸ್ವಂತ ಅಭಿಪ್ರಾಯವನ್ನು ಅದರಲ್ಲಿ ಬೆರೆಸಬಾರದು. ಒಂದೂರಿನಲ್ಲಿ ಒಬ್ಬರನ್ನೇ ಅಲ್ಲದೆ ಮೂರು-ನಾಲ್ಕು ಮಂದಿಯನ್ನು ಪ್ರತ್ಯೇಕವಾಗಿ ಕೇಳುವುದು ಮೇಲು.

ಒಂದು ಎಚ್ಚರಿಕೆ ಅತ್ಯಗತ್ಯ. ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಕೂಡದು. ಅಪರೂಪದ ಪ್ರಾಣಿ ಈಗ ಇರುವ ಬಿಲವಾಗಲಿ ಬಂಡೆಯಾಗಲಿ ಯಾವುದೆಂದು ಬರೆಯುವುದಂತೂ ಸರ್ವಥಾ ಕೂಡದು. ಚಿಪ್ಪುಹಂದಿಯ ಚಿಪ್ಪಿಗಾಗಿ ಹಳ್ಳಿಯ ಬಡ ತರುಣರಿಗೆ ಹಣದ ಆಸೆ ತೋರಿಸುವ ದಲ್ಲಾಳಿಗಳಿದ್ದಾರೆ. ಆ ಚಿಪ್ಪು ನಮ್ಮ ಉಗುರಿನಂಥದೇ ವಸ್ತು. ಅದರಲ್ಲಿ ಔಷಧದ ಗುಣವಿದೆಯೆಂಬುದಕ್ಕೆ ಆಧಾರವಿಲ್ಲ. ಇರುವೆ-ಗೆದ್ದಲುಗಳನ್ನು ತಿಂದು ಬದುಕುವ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುವ ಈ ಸಾಧು ಪ್ರಾಣಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2016ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಕೂಡಿದ ರಾಷ್ಟ್ರಗಳು ನಿಷೇಧಿಸಿದುವು. ನಮ್ಮ ದೇಶದಲ್ಲಿ ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷದ ವರೆಗೆ ಸೆರೆವಾಸ. ಊರಿನಲ್ಲಿರುವ ತಮ್ಮಂದಿರಿಗೆ ಈ ಮಾತನ್ನು ತಿಳಿಸುವುದೂ ಅಣ್ಣಂದಿರ ಕರ್ತವ್ಯವಾಗಿದೆ.

1972ರಲ್ಲಿ ಇಪ್ಪತ್ತೈದರ ತರುಣನಾಗಿದ್ದವನು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾನೆ. ಕಾಯಿದೆ ಬರುವ ಮೊದಲಿನ ಕಾಡನ್ನು ಕೋವಿ ಹಿಡಿದು ಸುತ್ತಿದವರ ಪೈಕಿ ಬಹುಜನ ಈಗಾಗಲೇ ಮಣ್ಣಾಗಿದ್ದಾರೆ; ಉಳಿದವರ ಕಣ್ಣು ಮಂಜಾಗಿದೆ. ಕ್ಯಾಮೆರಾಗಳನ್ನು ನಾಳೆ ಇನ್ನಷ್ಟು ಕೊಳ್ಳಬಹುದು. ಆದರೆ ಐವತ್ತು ವರ್ಷಗಳ ಹಿಂದಿನ ಕಾಡಿನ ಚಿತ್ರ ಯಾವ ಕ್ಯಾಮೆರಾಕ್ಕೂ ದಕ್ಕದು. ಅಂದು ಎಷ್ಟಿತ್ತೆಂದು ಅರಿಯದವರು ಇಂದು ಉಳಿದುದನ್ನೇ ಸಮೃದ್ಧಿಯೆಂದು ಭ್ರಮಿಸುವ ಅಪಾಯವಿದೆ. ನಮ್ಮ ಮಕ್ಕಳು ಮೊಲವಿಲ್ಲದ ಹಾಡಿಯನ್ನು ಕಂಡು, ಹಾಡಿಯೆಂದರೆ ಹೀಗೆಯೇ ಇರತಕ್ಕದ್ದೆಂದು ನಂಬಿಯಾರು. ಕಳೆದುದು ಏನೆಂದು ತಿಳಿಯದ ಜನ ಅದನ್ನು ಮರಳಿ ಪಡೆಯಲು ಹೊರಡುವುದಿಲ್ಲ.

ಈ ಸಲದ ರಜೆಗೆ ಊರಿಗೆ ಹೊರಡುವವರು ತಂದೆಗೆ ಧೋತರ, ತಾಯಿಗೆ ಸೀರೆಯೊಡನೆ ಒಂದು ರೂಲು ಪುಸ್ತಕವನ್ನೂ ಪೆಟ್ಟಿಗೆಯಲ್ಲಿಟ್ಟುಕೊಳ್ಳಲೆಂದು ನಮ್ಮ ವಿನಂತಿ. ಬರೆದುದರ ಒಂದು ಪ್ರತಿಯನ್ನು ಊರಿನ ಪಂಚಾಯತಿಯ ಜೀವವೈವಿಧ್ಯ ಸಮಿತಿಗೆ ಒಪ್ಪಿಸಿ, ಒಂದನ್ನು ಮನೆಯಲ್ಲಿ ಇರಿಸಿಕೊಳ್ಳಲಿ. ಅದನ್ನು ಓದಿ ತೂಗುವ ವಿಜ್ಞಾನಿ ನಾಳೆ ಬಂದಾನು, ಹತ್ತು ವರ್ಷ ತಡೆದಾದರೂ ಬಂದಾನು. ಹೇಳುವ ಮುದುಕರು ಅಲ್ಲಿಯ ವರೆಗೆ ಕಾಯಲಾರರು.